ಎರಡು ಕುರ್ಚಿ, ಒಂದು ಮೊರ

ಮೊನ್ನೆ ಮೊನ್ನೆಯವರೆಗೆ ಚನ್ನಗಿರಿಯ ನಮ್ಮ ಕಾಲೇಜಿನಲ್ಲಿ, ನನ್ನ ಕೋಣೆಯ ಗೋಡೆಯ ಮೇಲೆ, ಗಾಜು ಹಾಕಿಸಿದ ಎರಡು ಪದವಿಪತ್ರಗಳ ನಡುವೆ ಒಂದು ಮೊರ ತೂಗುತ್ತಿತ್ತು. ಬಿದಿರಿನದು, ಹಳೆಯದು, ಒಂದು ಮೂಲೆಯ ಕಟ್ಟು ಸಡಿಲಾಗಿ ತಂತಿ ಬಿಗಿಸಿಕೊಂಡದ್ದು, ಸೆಗಣಿ ಸಾರಿಸಿ ಸಾರಿಸಿ ಹೊಟ್ಟೆ ಕಪ್ಪಾದದ್ದು. ಕೋಣೆಗೆ ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ಅದರ ಮೇಲೆಯೇ; ಪದವಿಪತ್ರಗಳನ್ನು ನಿಂತು ಓದಿದವರನ್ನು ನಾನು ಈವರೆಗೆ ಕಂಡಿಲ್ಲ. ಕಾಲೇಜಿನ ತಪಾಸಣೆಗೆ ಬಂದಿದ್ದ ಹಿರಿಯರೊಬ್ಬರು ಅದನ್ನು ಜಾನಪದ ಕಲೆಯೆಂದು ಮೆಚ್ಚಿ, ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಅದು ನನ್ನ ಸಂಶೋಧನೆಯ ಉಪಕರಣವಿರಬೇಕೆಂದು ಭಯಭಕ್ತಿಯಿಂದ ನೋಡುತ್ತಿದ್ದರು. ಕೋಣೆ ಗುಡಿಸಲು ಬರುವಾಕೆ ಮಾತ್ರ ಒಂದು ದಿನ ಕಸಪೊರಕೆಗೆ ಗಲ್ಲ ಊರಿ, "ಗ್ವಾಡಿಗೆ ಯಾಕ್ರೀ ಮೇಡಂ ನೇತಾಕೀರಿ? ಕೇರಾಕೆ ಬರಲ್ವಾ?" ಎಂದು ಕೇಳಿದ್ದಳು. ಮೊರದ ವಿಚಾರದಲ್ಲಿ ಅವಳೊಬ್ಬಳೇ ಸರಿಯಾದ ಪ್ರಶ್ನೆ ಕೇಳಿದ್ದು ಎಂಬುದು ನನಗೆ ಆಮೇಲೆ ಹೊಳೆಯಿತು. ನೀವು ಸ್ನೇಹಿತರು, ನಿಮ್ಮಿಂದ ಮುಚ್ಚಿಡುವುದೇನು: ಅದು ಕಲೆಯಲ್ಲ, ಉಪಕರಣವೂ ಅಲ್ಲ. ನಾನು ಫೇಲಾದದ್ದಕ್ಕೆ ಸಿಕ್ಕ ಪ್ರಮಾಣಪತ್ರ.

ನನ್ನ ಕೆಲಸವೇನೆಂದು ಒಂದು ವಾಕ್ಯದಲ್ಲಿ ಹೇಳುವುದು ಇಷ್ಟು ವರ್ಷವಾದರೂ ನನಗೆ ಕರಗತವಾಗಿಲ್ಲ. ಮನಸ್ಸು ಭಾರವಾದವರ ಮಾತನ್ನು ಕುಳಿತು ಕೇಳುವವರು ಆಪ್ತಸಮಾಲೋಚಕರು. ಹಾಗೆ ಕೇಳುವುದು ಹೇಗೆಂದು ಅವರಿಗೆ ಕಲಿಸುವವಳು ನಾನು. ಅಂದರೆ ಅಡುಗೆ ಮಾಡುವವಳಲ್ಲ, ಅಡುಗೆಯವರಿಗೆ ಪಾಠ ಹೇಳುವವಳು. ನನ್ನ ಕೈಯ ಸಾರನ್ನು ಯಾರೂ ಉಂಡು ನೋಡಬೇಕಾಗಿ ಬರುವುದಿಲ್ಲ, ಈ ವೃತ್ತಿಯ ಸುಖವೇ ಅದು. ಸವಳಂಗದಲ್ಲಿ ನನ್ನ ದೊಡ್ಡಮ್ಮನಿದ್ದಾಳೆ. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಹೆಸರು ಹಿಡಿದು ಏಕವಚನದಲ್ಲಿ ಬೈಯಲು ಉಳಿದಿರುವವಳು ಅವಳೊಬ್ಬಳೇ. ನಾನು ಪ್ರೊಫೆಸರ್ ಆದ ಸುದ್ದಿಯನ್ನು ಹಿಗ್ಗಿನಿಂದ ಹೇಳಲು ಹೋದಾಗ ನಡೆದ ಸಂಭಾಷಣೆ ನನಗಿನ್ನೂ ಬಾಯಿಪಾಠವಿದೆ.

"ಏನ್ ಕಲಿಸ್ತೀಯೇ ಅಲ್ಲಿ?"

"ಮಂದಿ ಕಷ್ಟ ಸುಖ ಹೇಳ್ಕಂಡ್ರೆ ಕೇಳಿಸ್ಕಳಾದು ಹೆಂಗೆ ಅಂತ ಕಲಿಸ್ತೀನಿ ದೊಡ್ಡಮ್ಮ."

"ಅದುಕ್ಕೆ ಕಿವಿ ಐತಲ್ಲೇ."

"ಕಿವಿ ಸಾಲಲ್ಲ ದೊಡ್ಡಮ್ಮ."

"ಸಾಲ್ದಿದ್ರೆ ಸರ್ಕಾರದೋರು ಮಿಷನ್ನು ಕೊಡ್ತಾರಂತೆ, ನಮ್ಮ ಓಣಿ ಸಿದ್ದಪ್ಪಗೆ ಕೊಟ್ರು" ಎಂದು ದೊಡ್ಡಮ್ಮ ನನ್ನ ಪಾಂಡಿತ್ಯವನ್ನು ಅಲ್ಲಿಗೇ ಬರಖಾಸ್ತು ಮಾಡಿ, ರೊಟ್ಟಿ ತಟ್ಟಲು ಎದ್ದು ಹೋದಳು. ಅವಳದು ಮನೆ ತುಂಬ ಜನ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಅವರ ಮೊಬೈಲುಗಳು. ಹಾಗಿದ್ದೂ ವಾರಕ್ಕೊಮ್ಮೆ ನನಗೆ ಫೋನು ಮಾಡುತ್ತಾಳೆ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಉತ್ತರಪತ್ರಿಕೆ ತಿದ್ದುತ್ತಾ "ಹೂಂ" ಎನ್ನುತ್ತಿರುತ್ತೇನೆ. ಎರಡು ನಿಮಿಷಕ್ಕೆಲ್ಲ ಆಕೆ, "ಒಂದು ಮಾತು ಹೇಳಬೇಕಾಗಿತ್ತು. ಇರ್ಲಿ ಬಿಡು, ನಿಂಗೆ ಕೆಲಸ ಐತೆ" ಎಂದು ಇಟ್ಟುಬಿಡುತ್ತಾಳೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಆ ಒಂದು ಮಾತು ಯಾವುದೆಂದು ನಾನು ಕೇಳಿರಲಿಲ್ಲ, ಏಕೆಂದರೆ ನನಗೆ ನಿಜವಾಗಿಯೂ ಕೆಲಸ ಇರುತ್ತಿತ್ತು: ಕೇಳಿಸಿಕೊಳ್ಳುವುದರ ಮೇಲೆ ಬರೆದ ಉತ್ತರಪತ್ರಿಕೆಗಳು ಅವು.

ನನ್ನ ವಿಶೇಷ ಪರಿಣತಿಯಾದರೋ ಸಂಸ್ಕೃತಿಗಳ ನಡುವಣ ಸಮಾಲೋಚನೆ. ಹೊನ್ನಾಳಿಯಲ್ಲಿ ಹುಟ್ಟಿ, ನ್ಯಾಮತಿಯಲ್ಲಿ ಹೈಸ್ಕೂಲು ಓದಿ, ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಆರು ವರ್ಷ ಓದಿ ಕಲಿಸಿ ಬಂದವಳು ನಾನು. ಒಂದೊಂದು ನಾಡಿನವರು ದುಃಖವನ್ನು ಒಂದೊಂದು ಬಗೆಯಲ್ಲಿ ಹೇಳುತ್ತಾರೆ, ಕೆಲವರಿಗೆ ಮೌನವೇ ಮರ್ಯಾದೆ, ಇನ್ನು ಕೆಲವರಿಗೆ ಹಿರಿಯರ ಕಣ್ಣನ್ನು ನೇರ ನೋಡುವುದು ಅವಿಧೇಯತೆ, ಇಂಥವನ್ನೆಲ್ಲ ಸೇರಿಸಿ ದಪ್ಪನೆಯ ಪ್ರಬಂಧ ಬರೆದೆ. ಅದರಲ್ಲಿ ಮೌನದ ಅಧ್ಯಾಯವೇ ಎಲ್ಲಕ್ಕಿಂತ ಉದ್ದ. ಕಡಲಾಚೆಯ ಯಾವ ಊರಿನವರು ಬಂದು ನನ್ನೆದುರು ಕುಳಿತರೂ ಅವರಿಗೆ ಎಷ್ಟು ದೂರದಲ್ಲಿ ಕುರ್ಚಿ ಹಾಕಬೇಕೆಂದು ನಾನು ಬಲ್ಲೆ. ಅಂಥವರು ಚನ್ನಗಿರಿಗೆ ಬರಲಿಲ್ಲ, ಅದು ನನ್ನ ತಪ್ಪಲ್ಲ.

ಬಂದವರು ಈ ಸೀಮೆಯವರು. ಸೂಳೆಕೆರೆ ದಂಡೆಯ ಹುಡುಗಿಯೊಬ್ಬಳು ಪಿಸುಮಾತಿನಲ್ಲಿ ಮಾತಾಡೆಂದರೂ ಆಚೆ ದಡದ ತೆಪ್ಪದವರನ್ನು ಕೂಗಿದಂತೆ ಮಾತಾಡುತ್ತಿದ್ದಳು. ಹೊನ್ನಾಳಿಯ ಹುಡುಗರು ಯಾರ ದುಃಖ ಕೇಳಿದರೂ ಮೊದಲು ಯಾವ ಊರು, ಯಾರ ಪೈಕಿ ಎಂದು ವಿಚಾರಿಸದೆ ಮುಂದೆ ಹೋಗುತ್ತಿರಲಿಲ್ಲ. ಇವನ್ನೆಲ್ಲ ನಾನು ದುರಭ್ಯಾಸಗಳೆಂದು ತಿದ್ದಿದೆ. ಸಂಸ್ಕೃತಿ ಎಂಬುದು ಪಾಸ್‌ಪೋರ್ಟು ಕೇಳುವ ಗಡಿಯ ಆಚೆಗೆ ಮಾತ್ರ ಇರುತ್ತದೆಂದು ನಾನು ನಂಬಿದ್ದೆನೇನೋ. ಚನ್ನಗಿರಿಯಿಂದ ಜಗಳೂರಿಗೆ ಹೋಗಲು ವೀಸಾ ಬೇಕಿಲ್ಲ, ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದರೆ ಸಾಕು, ಆದ್ದರಿಂದ ಅಲ್ಲಿರುವವರೆಲ್ಲ ನಮ್ಮವರೇ ಎಂದುಕೊಂಡಿದ್ದೆ.

ನನ್ನ ಬೋಧನೆಯ ಅಡಿಗಲ್ಲು ಎರಡು ಕುರ್ಚಿಗಳು. ಎದುರುಬದುರು ಇಟ್ಟರೆ ವಿಚಾರಣೆಯಾಗುತ್ತದೆ, ಮಗ್ಗುಲಿಗೆ ಇಟ್ಟರೆ ಬಸ್ಸಿನ ಸೀಟಾಗುತ್ತದೆ. ಇವೆರಡರ ನಡುವಿನ ಒಂದು ಹದವಾದ ಓರೆಯಲ್ಲಿ ಇಟ್ಟರೆ ಮನುಷ್ಯ ಮನಸ್ಸು ಬಿಚ್ಚುತ್ತಾನೆ. ಆ ಓರೆ ತಪ್ಪದಿರಲೆಂದು ಪ್ರಯೋಗಶಾಲೆಯ ನೆಲಕ್ಕೆ ಕೆಂಪು ಟೇಪು ಅಂಟಿಸಿ ಕಾಲುಗಳ ಜಾಗ ಗುರುತು ಮಾಡಿಸಿದ್ದೆ. ಇದಕ್ಕೆ ತಕ್ಕಂತೆ ನಾನೇ ತಯಾರಿಸಿದ ಮೌಲ್ಯಮಾಪನದ ಹಾಳೆಯೊಂದಿತ್ತು: ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಇಷ್ಟು ಅಂಕ, ಕೈಗಳನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರೆ ಇಷ್ಟು, ತನ್ನ ಕಥೆ ಹೇಳಿಕೊಳ್ಳದಿದ್ದರೆ ಇಷ್ಟು, ಬುದ್ಧಿ ಹೇಳದಿದ್ದರೆ ಇಷ್ಟು, ಎದುರಿನವರ ಭಾವಕ್ಕೆ ಹೆಸರಿಟ್ಟು ಅವರಿಗೇ ಹಿಂತಿರುಗಿಸಿದರೆ ಇಷ್ಟು. ಕಣ್ಣು ನೋಡದಿರುವ ವಿನಾಯಿತಿ ನನ್ನ ಪ್ರಬಂಧದಲ್ಲಿ ಕಡಲಾಚೆಯವರಿಗೆ ಇತ್ತು. ಹಾಳೆಯಲ್ಲಿ ಜಗಳೂರಿನವರಿಗೆ ಇರಲಿಲ್ಲ. ಇಷ್ಟು ಸಾಲದೆಂಬಂತೆ, ಸಮಾಲೋಚಕರ ಯೋಗ್ಯತೆಯೆಲ್ಲ ಮೊದಲ ಹದಿನೈದು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ ಎಂದು ನಾಲ್ಕಾರು ವಿಚಾರಸಂಕಿರಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ.

ಹೀಗೆ ಸರ್ವಾಲಂಕಾರಭೂಷಿತೆಯಾಗಿ ನಾನು ಕುಳಿತಿದ್ದಾಗ ನಮ್ಮ ಒಂದು ವರ್ಷದ ಡಿಪ್ಲೊಮಾಕ್ಕೆ ಅಂಜಿನಮ್ಮ ಬಂದು ಸೇರಿದಳು. ಜಗಳೂರಿನ ಬಳಿಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ, ನಲವತ್ತರ ಆಸುಪಾಸಿನವಳು, ವಾರಕ್ಕೆ ಎರಡು ದಿನ ಎರಡು ಬಸ್ಸು ಹತ್ತಿ ಇಳಿದು ಪಾಠಕ್ಕೆ ಬರುತ್ತಿದ್ದಳು. ಜಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಸಣ್ಣ ಸಮಾಲೋಚನಾ ಕೇಂದ್ರ ತೆರೆಯುವುದಿತ್ತು, ಅದರಲ್ಲಿದ್ದುದು ಒಂದೇ ಹುದ್ದೆ, ಈ ಡಿಪ್ಲೊಮಾ ಪಾಸಾದರೆ ಆ ಹುದ್ದೆ ಅವಳದಾಗಲಿತ್ತು. ಲಿಖಿತ ಪರೀಕ್ಷೆಯಲ್ಲಿ ಹೇಗೋ ಪಾರಾದಳು. ಉಳಿದದ್ದು ಪ್ರಾಯೋಗಿಕ: ನಿಜವಾದ ವ್ಯಕ್ತಿಯೊಬ್ಬರ ಒಪ್ಪಿಗೆ ಪಡೆದು, ಅವರೊಡನೆ ಮಾತಾಡಿದ್ದನ್ನು ಫೋನಿನಲ್ಲಿ ಚಿತ್ರೀಕರಿಸಿ ನನಗೆ ಒಪ್ಪಿಸಬೇಕು.

ಅಂಜಿನಮ್ಮ ಒಪ್ಪಿಸಿದ ಚಿತ್ರವನ್ನು ನಾನು ಹಾಳೆ, ಪೆನ್ನು, ಚಹಾಸಮೇತ ನೋಡಲು ಕುಳಿತೆ. ಒಂದು ಪಡಸಾಲೆ. ಅದರ ನೆಲದ ಮೇಲೆ ಇಬ್ಬರು ಹೆಂಗಸರು ಮಗ್ಗುಲಿಗೆ ಮಗ್ಗುಲಾಗಿ, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಿದ್ದಾರೆ. ಇಬ್ಬರ ತೊಡೆಯ ಮೇಲೂ ಮೊರ; ಇಬ್ಬರೂ ಶೇಂಗಾ ಒಡೆಯುತ್ತಿದ್ದಾರೆ. ಪಟ್, ಪಟ್, ಪಟ್. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮಾತು ಮಳೆಯದು, ಕುರಿಯದು, ಯಾರದೋ ಸೊಸೆಯದು, ನಡುವೆ ಅಂಜಿನಮ್ಮನ ಸ್ವಂತ ಮೊಣಕಾಲು ನೋವಿನದು. ಕುರ್ಚಿಯಿಲ್ಲ, ಓರೆಯಿಲ್ಲ, ಕಣ್ಣಿಲ್ಲ, ಬಿಚ್ಚಿದ ಕೈಯಿಲ್ಲ. ನಾನು ಒಂದೊಂದೇ ಖಾನೆಗೆ ಸೊನ್ನೆ ಸುತ್ತುತ್ತಾ ಹೋದೆ. ಸುತ್ತುವಾಗ ಕೈಗೆ ಒಂದು ಬಗೆಯ ಲಯವೂ ಕೂಡಿಬಂದಿತ್ತು. ಹದಿನೈದನೆಯ ನಿಮಿಷಕ್ಕೆ ಹಾಳೆ ತುಂಬಿತು, ಚಹಾ ಮುಗಿಯಿತು, ಚಿತ್ರ ನಿಲ್ಲಿಸಿದೆ. ಇನ್ನೂ ಅರ್ಧ ಗಂಟೆಯ ಮಾತು ಅದರಲ್ಲಿ ಉಳಿದಿತ್ತು.

ಫಲಿತಾಂಶ ಕಂಡು ಅಂಜಿನಮ್ಮ ನನ್ನ ಕೋಣೆಗೆ ಬಂದಳು. ಅಳಲಿಲ್ಲ, ವಾದಿಸಲಿಲ್ಲ. ಮೇಜಿನ ಅಂಚು ಹಿಡಿದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಮೇಡಂ, ನೀವು ಪೂರ್ತಿ ನೋಡಿದ್ರೇನ್ರೀ?"

"ನೋಡ್ದೆ ಅಂಜಿನಮ್ಮ" ಎಂದೆ.

ಎಷ್ಟು ಸಲೀಸಾಗಿ ಅಂದೆನೆಂದರೆ, ನನಗೇ ಅದು ಸುಳ್ಳೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಆತ್ರೀ" ಎಂದಳು. ನಿಯಮದ ಪ್ರಕಾರ ಇನ್ನೊಂದೇ ಅವಕಾಶವಿತ್ತು, ಅದರಲ್ಲಿ ಪರೀಕ್ಷಕರು ಖುದ್ದಾಗಿ ಎದುರು ಕುಳಿತು ನೋಡಬೇಕು. ಅದರಲ್ಲೂ ಫೇಲಾದರೆ ಹುದ್ದೆ ಬೇರೆ ಯಾರದೋ ಪಾಲು. ನಾನು ದೊಡ್ಡ ಮನಸ್ಸು ಮಾಡಿ ನಾನೇ ಜಗಳೂರಿಗೆ ಬರುತ್ತೇನೆಂದೆ. ಜೊತೆಗೆ, ಅಲ್ಲಿನ ವ್ಯವಸ್ಥೆಯನ್ನು ನಂಬಲಾಗದೆಂದು ಎರಡು ಮಡಚುವ ಕುರ್ಚಿಗಳನ್ನು ನಾನೇ ತರುತ್ತೇನೆಂದೂ ಹೇಳಿದೆ.

ಮುಂಗಾರು ಶುರುವಾಗುವ ಆ ದಿನಗಳಲ್ಲಿ ಪ್ರೊಫೆಸರೊಬ್ಬಳು ಕಬ್ಬಿಣದ ಎರಡು ಕುರ್ಚಿಗಳನ್ನು ಕಂಕುಳಲ್ಲಿ ಇರುಕಿಕೊಂಡು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಓಡುವ ದೃಶ್ಯವನ್ನು ನೀವೇ ಕಲ್ಪಿಸಿಕೊಳ್ಳಿ. ಜಗಳೂರು ಬಸ್ಸಿನಲ್ಲಿ ಅವನ್ನು ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಕುಳಿತೆ; ಬಸ್ಸು ಕುಲುಕಿದಾಗಲೆಲ್ಲ ಅವು ಬಾಯಿ ತೆರೆದು ಮಂದಿಯನ್ನು ಕಚ್ಚುತ್ತಿದ್ದವು. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಯಜಮಾನರೊಬ್ಬರು ತಮ್ಮ ಮೊಣಕಾಲನ್ನು ಬಿಡಿಸಿಕೊಂಡು ಕೇಳಿದರು.

"ಎಲ್ಲೈತೆ ತಂಗಿ ಫಂಕ್ಷನ್ನು?"

"ಫಂಕ್ಷನ್ ಅಲ್ರೀ. ಒಬ್ರ ಕೂಡ ಮಾತಾಡಾಕೆ ಹೊಂಟೀನಿ."

ಅವರು ಕುರ್ಚಿಗಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕುರ್ಚಿಗಳನ್ನು ನೋಡಿದರು.

"ಅವರ ಮನಿಯಾಗೆ ನೆಲ ಇಲ್ಲೇನು?" ಎಂದರು.

ಚಿತ್ರದಲ್ಲಿ ಕಂಡಿದ್ದ ಪಡಸಾಲೆಗೇ ಅಂಜಿನಮ್ಮ ನನ್ನನ್ನು ಕರೆದೊಯ್ದಳು. ಅವಳೊಡನೆ ಮಾತಾಡಲು ಒಪ್ಪಿದ್ದವಳು ಚಿತ್ರದಲ್ಲಿದ್ದವಳೇ, ಆ ಮನೆಯ ಸೊಸೆ, ಮೂವತ್ತರ ಒಳಗಿನವಳು. ಹೆಸರು ಹೇಳುವಂತಿಲ್ಲ; ಅಂಜಿನಮ್ಮ ಕರೆಯುತ್ತಿದ್ದಂತೆ ನಾವೂ ತಂಗಿ ಎನ್ನೋಣ. ನಾನು ಟೇಪು ಅಂಟಿಸದಿದ್ದರೂ ಸೀಮೆಸುಣ್ಣದಿಂದ ಗುರುತು ಹಾಕಿ, ಕುರ್ಚಿಗಳನ್ನು ಓರೆಗೆ ಇಟ್ಟು, ಮೂಲೆಯಲ್ಲಿ ಹಾಳೆ ಹಿಡಿದು ಕುಳಿತೆ. ತಂಗಿ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕುಳಿತಳು. ಆ ಸೀಮೆಯಲ್ಲಿ ಹೀಗೆ ಕುರ್ಚಿಯ ಮೇಲೆ ಕೂರಿಸಿ ಮುಖ ನೋಡುವುದು ಹೆಣ್ಣು ನೋಡಲು ಬಂದಾಗ, ಇಲ್ಲವೇ ಪಂಚಾಯ್ತಿ ಸೇರಿದಾಗ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿದ್ದರೆ ತಾನೆ.

ಅಂಜಿನಮ್ಮ ಪಾಸಾಗಲೆಂದೇ ಬಂದಿದ್ದಳು. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಕೈ ಬಿಚ್ಚಿ ತೊಡೆಯ ಮೇಲಿಟ್ಟಳು, ಸ್ವಲ್ಪ ಮುಂದಕ್ಕೆ ಬಾಗಿದಳು, ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ರೇಡಿಯೋ ವಾರ್ತೆಯವರ ಧ್ವನಿಯಲ್ಲಿ, "ನಿಮಗೆ ತುಂಬಾ ನೋವಾಗಿದೆ ಎಂದು ನನಗೆ ಅರ್ಥವಾಗುತ್ತಿದೆ" ಎಂದಳು.

ತಂಗಿ ಬೆಚ್ಚಿಬಿದ್ದಳು. "ಯಾಕಕ್ಕಾ ಹಿಂಗೆ ಮಾತಾಡ್ತೀ? ನಾನೇನ್ ತಪ್ಪು ಮಾಡ್ದೆ?"

"ನಿಮಗೆ ಗಾಬರಿಯಾಗಿದೆ ಎಂದು ಅನ್ನಿಸುತ್ತಿದೆ" ಎಂದಳು ಅಂಜಿನಮ್ಮ, ಹಣೆಯ ಬೆವರು ಒರೆಸಿಕೊಳ್ಳುತ್ತಾ.

ಅಲ್ಲಿಂದ ಮುಂದೆ ತಂಗಿ ಬಾಯಿ ತೆರೆಯಲಿಲ್ಲ. ಹದಿನೈದು ನಿಮಿಷ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಬೆವರಿದರು. ನಾನು ಮೂಲೆಯಲ್ಲಿ ಕುಳಿತು ಪ್ರತಿ ಖಾನೆಗೂ ಪೂರ್ಣಾಂಕ ಕೊಟ್ಟೆ. ನನ್ನ ಹಾಳೆಯ ಇತಿಹಾಸದಲ್ಲಿ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ. ಒಟ್ಟು ಹಾಕಿ ಅಡಿಗೆರೆ ಎಳೆಯುವಾಗ ಮಾತ್ರ, ಈ ಅಂಕಗಳು ಯಾವ ಮಾತುಕತೆಗೆ ಬಿದ್ದವು ಎಂದು ಒಳಗೆಲ್ಲೋ ಒಂದು ಸಣ್ಣ ಪ್ರಶ್ನೆ ಎದ್ದಿತು. ಸಂಭಾಷಣೆಯೇ ಇಲ್ಲದ ಸಂಭಾಷಣೆ ನನ್ನ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿತ್ತು.

ಅಷ್ಟರಲ್ಲಿ ತಂಗಿಯ ಅತ್ತೆ ಒಂದು ಚೀಲ ಶೇಂಗಾ ಎಳೆದುಕೊಂಡು ಬಂದು ಪಡಸಾಲೆಯ ನಡುವೆ ಕೆಡವಿದರು.

"ಮುಗೀತೇನ್ರೀ ನಿಮ್ಮ ಮೀಟಿಂಗು? ಬಿತ್ತಾಕೆ ಬೀಜ ಆಗ್ಬೇಕು, ನಾಳೆ ಕೂರಿಗೆ ಬರ್ತೈತೆ. ಖಾಲಿ ಕುಂತೀರಲ್ಲ, ಒಂದೀಟು ಒಡೀರಿ" ಎಂದು ಮೂರು ಮೊರಗಳನ್ನು ನಮ್ಮ ಮುಂದೆ ಒಗೆದು ಕುರಿಹಟ್ಟಿಯ ಕಡೆ ಹೊರಟುಹೋದರು. ಕೈ ಖಾಲಿ ಇಟ್ಟುಕೊಂಡು ಕೂತವರಿಗೆ ಕೆಲಸ ಕೊಡುವುದು ಆ ಮನೆಯ ಮರ್ಯಾದೆ. ಪ್ರೊಫೆಸರಿಗೆ ಬೇರೆ ಕಾನೂನಿರಲಿಲ್ಲ. ಅಂಜಿನಮ್ಮನೂ ತಂಗಿಯೂ ಬದುಕಿದೆವೆಂಬಂತೆ ಕುರ್ಚಿಯಿಂದ ಇಳಿದು ಗೋಡೆಗೆ ಒರಗಿದರು. ನಾನೂ ಇಳಿದೆ, ಒಂದಿಷ್ಟು ಕಷ್ಟದಿಂದ.

ನಿಮಗೆ ಗೊತ್ತಿರಬಹುದು, ತಿನ್ನಲು ಶೇಂಗಾ ಒಡೆಯುವುದೇ ಬೇರೆ, ಬಿತ್ತಲು ಒಡೆಯುವುದೇ ಬೇರೆ. ನಾನು ತಿನ್ನುವ ಕಡೆಯವಳು. ನಾನು ಒತ್ತಿದ ಕಾಯೆಲ್ಲ ಪುಡಿಯಾಗಿ, ಬೀಜ ಎರಡು ಹೋಳಾಗಿ, ಹೆಬ್ಬೆರಳು ಉರಿಯತೊಡಗಿತು.

"ಮೂತಿ ಕಡಿಗೆ ಒತ್ರಿ ಮೇಡಂ, ಸೊಂಟಕ್ಕೆ ಒತ್ತಬ್ಯಾಡ್ರಿ" ಎಂದು ತಂಗಿ ಮೊದಲ ಸಲ ನನ್ನೊಡನೆ ಮಾತಾಡಿದಳು. "ಬೀಜದ ಮ್ಯಾಲಿನ ಕೆಂಪು ಸಿಪ್ಪೆ ಹರೀಬಾರ್ದು. ಹರಿದ್ರೆ ಹುಟ್ಟಲ್ಲ."

ಕಲಿಸುವವಳು ಕಲಿಯುವವಳಾದೆ, ಅದೂ ಹಿಂದಿನ ಬೆಂಚಿನವಳು. ಪಟ್, ಪಟ್. ಕಣ್ಣುಗಳೆಲ್ಲ ಮೊರದೊಳಗೆ. ಮಳೆ ಬಂತು, ಕುರಿ ಬಂತು, ಅಂಜಿನಮ್ಮನ ಮೊಣಕಾಲೂ ಬಂತು. ಆಮೇಲೆ ಅಂಜಿನಮ್ಮ, ಯಾರಿಗೂ ಅಲ್ಲವೆಂಬಂತೆ, ತನ್ನವ್ವ ಕೊನೆಗಾಲದಲ್ಲಿ ಮಾತು ಬಿಟ್ಟುಬಿಟ್ಟಿದ್ದನ್ನು ಹೇಳಿಕೊಂಡಳು. ತನ್ನ ಕಥೆ ಹೇಳಿಕೊಳ್ಳಬಾರದೆಂಬ ಖಾನೆ ನನ್ನ ಕಣ್ಣ ಮುಂದೆ ಬಂದು ಹೋಯಿತು. ಕೈಯಲ್ಲಿ ಪೆನ್ನಿರಲಿಲ್ಲ, ಶೇಂಗಾ ಇತ್ತು. ಸಿಪ್ಪೆಯ ಸದ್ದಿನೊಳಗಿಂದಲೇ ತಂಗಿಯ ದನಿ ಎದ್ದಿತು.

ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ತಂಗಿಯ ಅವ್ವ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಂದೇ ತವರಿನ ಕುರಿಯೊಂದು ಈಯಲು ಕಷ್ಟಪಡುತ್ತಿತ್ತು. ಅದನ್ನು ಬಿಟ್ಟು ಬರಲಾಗದೆ ಅವ್ವ ಮುಟ್ಟುವಷ್ಟರಲ್ಲಿ ಹೆಸರಿಟ್ಟು ಆಗಿತ್ತು, ನೆಂಟರು ಉಂಡು ಎದ್ದಿದ್ದರು. ನನಗಿಂತ ಕುರಿ ಹೆಚ್ಚಾಯಿತೆಂದು ತಂಗಿ ಮುಖ ತಿರುಗಿಸಿದಳು. ಅವ್ವ ಫೋನು ಮಾಡಿದಳು, ತಂಗಿ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಹಬ್ಬಕ್ಕೆ ತವರಿಗೆ ಹೋದಾಗ ಮಾತಾಡಿದರಾಯಿತು ಎಂದುಕೊಂಡಳು. ಹಬ್ಬಕ್ಕೆ ಮೊದಲೇ ಅವ್ವ ಹೋಗಿಬಿಟ್ಟಳು.

"ವರ್ಷ ಆತು, ಇನ್ನೂ ಅದನ್ನೇ ಹಿಡ್ಕಂಡು ಕುಂತೀಯಾ ಅಂತಾರ್ರೀ ಮನ್ಯಾಗೆ" ಎಂದಳು ತಂಗಿ, ಮೊರದಿಂದ ಕಣ್ಣೆತ್ತದೆ. "ನಿಮಗೆ ಹೊಸ್ದಾಗಿ ಹೇಳಾದೇನೈತೆ. ಆ ಫೋನಿನಾಗೆ ಎಲ್ಲಾ ಹೇಳೀನಿ, ಕಡೀಗೆ ನಿಮ್ಮನ್ನೂ ಒಂದು ಮಾತು ಕೇಳೀನಿ. ದೊಡ್ಡ ಮೇಡಮ್ಮಾರು ನೋಡ್ತಾರೆ ಅಂತ ಅಂಜಿನಕ್ಕ ಹೇಳಿದ್ಲು, ಅದುಕ್ಕೇ ವಿಡಿಯೋ ತಗಳಾಕೆ ಒಪ್ಪಿದ್ದು. ಈಗ ಎದುರಿಗೇ ಅದೀರಿ, ಹೇಳ್ರಿ. ನಮ್ಮವ್ವ ನನ್ ಮ್ಯಾಲೆ ಸಿಟ್ಟು ಇಟ್ಕಂಡೇ ಹೋದ್ಲಾ?"

ಪಟ್ ಎನ್ನುವ ಸದ್ದು ಅಂಜಿನಮ್ಮನ ಮೊರದಲ್ಲಿ ನಿಂತಿತು. ಇಂಥ ಇಕ್ಕಟ್ಟಿಗೆಂದೇ ನಮ್ಮ ಶಾಸ್ತ್ರದಲ್ಲಿ ನುಣುಪಾದ ಮಾತುಗಳಿವೆ: ಆ ಪ್ರಶ್ನೆ ನಿಮ್ಮಲ್ಲಿ ಏನನ್ನು ಹುಟ್ಟಿಸುತ್ತಿದೆ, ನಿಮಗೇನು ಅನ್ನಿಸುತ್ತದೆ ಎಂದು ಚೆಂಡನ್ನು ಮರಳಿ ಅವರ ಅಂಗಳಕ್ಕೇ ಒಗೆಯಬಹುದು. ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಈ ಹೆಣ್ಣುಮಗಳು ನನ್ನನ್ನು ನಂಬಿ ಒಂದು ಪ್ರಶ್ನೆ ಕಳಿಸಿ, ಉತ್ತರಕ್ಕಾಗಿ ಇಷ್ಟು ದಿನ ಕಾದಿದ್ದಳು. ಅದು ನನ್ನ ಕಂಪ್ಯೂಟರಿನಲ್ಲಿ ಹದಿನೈದನೆಯ ನಿಮಿಷದ ಆಚೆ ಬಿದ್ದುಕೊಂಡಿತ್ತು.

"ನಾನು ಪೂರ್ತಿ ಕೇಳಿಲ್ಲ ಕಣಮ್ಮ" ಎಂದೆ. "ಹದಿನೈದು ನಿಮಿಷ ನೋಡಿ ನಿಲ್ಲಿಸಿಬಿಟ್ಟೆ. ಅಂಜಿನಮ್ಮಗೆ ಪೂರ್ತಿ ನೋಡಿದೆ ಅಂತ ಸುಳ್ಳು ಹೇಳಿದೀನಿ."

ತಂಗಿ ಚೀಲಕ್ಕೆ ಕೈಹಾಕಿ ಎರಡು ಬೊಗಸೆ ಶೇಂಗಾ ತೆಗೆದು ನನ್ನ ಮೊರಕ್ಕೆ ಸುರಿದಳು.

"ನಮ್ಮವ್ವನ ಫೋನು ನಾನು ಎತ್ಲಿಲ್ಲ. ನಂದು ನೀವು ಎತ್ಲಿಲ್ಲ" ಎಂದಳು. "ನಾನಿನ್ನಾ ಇದೀನಲ್ರೀ. ಈಗ ಕೇಳ್ರಿ."

ಮತ್ತೆ ಮೊದಲಿಂದ ಹೇಳಿದಳು. ಎಲ್ಲವನ್ನೂ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಮೊರಗಳೊಳಗಿನ ಮಾತು. ಕಡೆಗೆ ಅದೇ ಪ್ರಶ್ನೆಗೆ ಬಂದು ನಿಂತಾಗ ನನಗೆ ಗೊತ್ತಿಲ್ಲವೆಂದೇ ಹೇಳಿದೆ. ಉತ್ತರ ಕೊಟ್ಟವಳು ಅಂಜಿನಮ್ಮ.

"ಸಿಟ್ಟಿದ್ದೋಳು ಮತ್ ಮತ್ತೆ ಫೋನ್ ಮಾಡ್ತಾಳೇನೇ, ಹುಚ್ಚಿ?"

ತಂಗಿಯ ಕೈ ನಿಂತಿತು. ಅವಳು ಅಳತೊಡಗಿದಳು, ವರ್ಷದಿಂದ ಕಟ್ಟಿಟ್ಟದ್ದನ್ನೆಲ್ಲ, ಬಾಯಿಗೆ ಸೆರಗು ಒತ್ತಿಕೊಂಡು, ಮೈ ಅದುರುವಂತೆ ಅತ್ತಳು. ಸುಮ್ಮನಿರು ಎಂದು ಅಂಜಿನಮ್ಮ ಹೇಳಲಿಲ್ಲ, ಅವಳ ಭಾವಕ್ಕೆ ಹೆಸರನ್ನೂ ಇಡಲಿಲ್ಲ. "ಬಿತ್ತನೆ ಬೀಜ ತೋಯ್ತಾವೆ" ಎಂದು ಅವಳ ತೊಡೆಯ ಮೇಲಿನ ಮೊರವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು, ಭುಜಕ್ಕೆ ಭುಜ ತಾಗಿಸಿ ಕುಳಿತಳು. ನನ್ನ ಕಣ್ಣೂ ತುಂಬಿತ್ತು. ನನ್ನ ಮೊರವನ್ನು ಯಾರೂ ಸರಿಸಲಿಲ್ಲ. ನಾನು ಒಡೆದವು ಹೇಗೂ ಬಿತ್ತನೆಗೆ ಬರುವಂತಿರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವಾಗ ಒಂದು ಕುರ್ಚಿ ನನ್ನ ಕಂಕುಳಲ್ಲಿ, ಇನ್ನೊಂದು ಅಂಜಿನಮ್ಮನ ತಲೆಯ ಮೇಲೆ. ನಾನು ಕ್ಷಮೆ ಕೇಳಿದೆ.

"ಗೊತ್ತಿತ್ತು ಬಿಡ್ರಿ ಮೇಡಂ" ಎಂದಳು. "ಪೂರ್ತಿ ನೋಡಿದ್ರೆ, ಆಯಮ್ಮ ಈಗ ಹೆಂಗಿದಾಳೆ ಅಂತ ನನ್ನ ಕೇಳ್ತಿದ್ರಿ. ನೀವು ಕೇಳ್ಲಿಲ್ಲ."

ಇಂಥ ಸೂಕ್ಷ್ಮ ನನ್ನ ಯಾವ ಖಾನೆಯಲ್ಲೂ ಇರಲಿಲ್ಲ. ನಾನು ಭಾವಾವೇಶದಿಂದ, ಅಂಜಿನಮ್ಮ, ಕುರ್ಚಿಯ ಮೇಲಿನದಕ್ಕೆ ಪೂರ್ಣಾಂಕ ಬಿದ್ದಿದೆ, ಆದರೆ ನಿಜವಾದ ಪರೀಕ್ಷೆ ನೆಲದ ಮೇಲೆ ನಡೆದದ್ದು, ಹಳೆಯ ಹಾಳೆಯನ್ನೇ ಹರಿದು ಹೊಸದು ಮಾಡೋಣ, ಕಾಲೇಜಿನ ಪರೀಕ್ಷಾ ಸಮಿತಿಯ ಮುಂದೆ ವಾದಿಸೋಣ ಎಂದು ಏನೇನೋ ಹೇಳಿದೆ. ಅವಳು ಕುರ್ಚಿಯ ಕೆಳಗಿನಿಂದ ನನ್ನನ್ನು ಓರೆಗಣ್ಣಿನಲ್ಲಿ ನೋಡಿದಳು.

"ಯಾವುದರಾಗೆ ಪಾಸಾಗ್ತೀನೋ ಅದನ್ನ ಕೊಡ್ರಿ ಮೇಡಂ. ನನಗೆ ಕೆಲಸ ಬೇಕು. ನಿಮ್ಮ ವಾದ ಆಮ್ಯಾಲೆ ಮಾಡ್ಕಳ್ರಿ."

ಹಾಗೆಯೇ ಮಾಡಿದೆ. ಅಂಜಿನಮ್ಮ ಪಾಸಾದಳು, ಹುದ್ದೆ ಸಿಕ್ಕಿತು. ಮೊದಲ ಸಲ ಪೂರ್ತಿ ನೋಡದೆ ಫೇಲು ಮಾಡಿದ್ದೆನೆಂದು, ಹಾಳೆಯನ್ನು ಬದಲಿಸಬೇಕೆಂದು ನಾನು ಸಮಿತಿಗೆ ಪತ್ರ ಬರೆದೆ. ಶಿಕ್ಷೆಯಾಗಬಹುದೆಂದು ಕಾದೆ. ಬದಲಿಗೆ ಈ ವಿಷಯದ ಮೇಲೆ ನನ್ನದೇ ವಿಶೇಷ ಉಪನ್ಯಾಸ ಏರ್ಪಾಡಾಯಿತು. ಪ್ರಯೋಗಶಾಲೆಗೆಂದು ವಾರ್ನಿಷ್ ಹೊಡೆದ ಎರಡು ಹೊಸ ಮೊರಗಳು ಬಂದವು. ಅವನ್ನು ಎಲ್ಲಿಡಬೇಕೆಂದು ಯಾರೋ ಶ್ರದ್ಧೆಯಿಂದ ನೆಲಕ್ಕೆ ಕೆಂಪು ಟೇಪು ಅಂಟಿಸಿದ್ದರು. ಅದನ್ನು ಕಂಡು ನಗಲು ನನಗೆ ಹಕ್ಕಿರಲಿಲ್ಲ. ಅಂಟಿಸುವುದನ್ನು ಕಲಿಸಿದವಳೇ ನಾನು.

ಪ್ರಮಾಣಪತ್ರ ಒಯ್ಯಲು ಬಂದ ದಿನ ಅಂಜಿನಮ್ಮ ಚೀಲದಿಂದ ಆ ಹಳೆಯ ಮೊರ ತೆಗೆದು ಮೇಜಿನ ಮೇಲಿಟ್ಟಳು. ತಂಗಿಯ ಅತ್ತೆ ಕೊಟ್ಟು ಕಳಿಸಿದ್ದಂತೆ. "ನಿಮಗೆ ಪ್ರಾಕ್ಟೀಸ್ ಬೇಕು ಮೇಡಂ" ಎಂದಳು. ತಂಗಿ ಹೇಗಿದ್ದಾಳೆಂದು ಆ ಸಲ ನಾನು ಮರೆಯದೆ ಕೇಳಿದೆ. ಚೆನ್ನಾಗಿ ಉಣ್ಣುತ್ತಿದ್ದಾಳೆ, ಅತ್ತೆಯೊಡನೆ ಜಗಳವನ್ನೂ ಶುರುಮಾಡಿದ್ದಾಳೆ ಎಂದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ನಾನು ಮಾಡಿದ್ದೇನೆಂದರೆ, ಮೊಳೆ ಹೊಡೆಸಿ ಆ ಮೊರವನ್ನು ಪದವಿಪತ್ರಗಳ ನಡುವೆ ನೇತುಹಾಕಿದ್ದು. ಪ್ರೊಫೆಸರುಗಳಿಗೆ ಏನೇ ಕೊಟ್ಟರೂ ಅದು ಗೋಡೆಗೇ ಹೋಗುತ್ತದೆ. ಅದರ ಕೆಳಗೆ ಕುಳಿತು ಕೇಳಿಸಿಕೊಳ್ಳುವುದರ ಮೇಲೆ ಇನ್ನೆರಡು ಲೇಖನ ಬರೆದೆ.

ಹೋದ ವಾರ ಸಂಜೆ ಕೋಣೆಯಲ್ಲೇ ಇದ್ದೆ. ದೊಡ್ಡಮ್ಮನ ಫೋನು ಬಂತು. ರೂಢಿಯಂತೆ ಸ್ಪೀಕರಿಗೆ ಹಾಕಿ ಉತ್ತರಪತ್ರಿಕೆಯ ಕಟ್ಟು ಎಳೆದುಕೊಂಡೆ, "ಹೂಂ" ಅಂದೆ. ಎರಡು ನಿಮಿಷವಾಯಿತು. "ಒಂದು ಮಾತು ಹೇಳಬೇಕಾಗಿತ್ತು..." ಎಂದು ದೊಡ್ಡಮ್ಮ ತೆಗೆದಳು. ನನ್ನ ಕೈ ಕೆಂಪು ಪೆನ್ನಿನ ಮೇಲೆ ನಿಂತಿತು. ತಲೆಯೆತ್ತಿದರೆ ಮೊರ.

"ಒಂದ್ ನಿಮಿಷ ದೊಡ್ಡಮ್ಮ, ಇಡಬ್ಯಾಡ" ಎಂದೆ. ಕುರ್ಚಿ ಹತ್ತಿ ಮೊರ ಇಳಿಸಿದೆ; ಕುರ್ಚಿಯಿಂದ ಅಷ್ಟಾದರೂ ಉಪಯೋಗವಾಯಿತು. ಮನೆಗೆಂದು ತಂದಿದ್ದ ಶೇಂಗಾ ಕೈಚೀಲದಲ್ಲಿತ್ತು, ಅದನ್ನು ಸುರುವಿಕೊಂಡು ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ. ಪಟ್. ಮೂತಿಯ ಕಡೆಗೆ ಒತ್ತಿದ್ದೆ; ಬೀಜ ಇಡಿಯಾಗಿ ಬಂತು, ಕೆಂಪು ಸಿಪ್ಪೆ ಹರಿದಿರಲಿಲ್ಲ.

"ಅದೇನೇ ಸದ್ದು?" ಎಂದಳು ದೊಡ್ಡಮ್ಮ.

"ಶೇಂಗಾ ಒಡೀತಿದೀನಿ."

ಆ ಕಡೆ ಅವಳೂ ಎಲ್ಲೋ ಗೋಡೆಗೆ ಒರಗಿ ಕಾಲು ಚಾಚಿದ ಸದ್ದು ಕೇಳಿಸಿತು.

"ಹಂಗಾರೆ ಪುರುಸೊತ್ತಾಗಿದೀಯ ಅನ್ನು" ಎಂದಳು ದೊಡ್ಡಮ್ಮ. "ಕೇಳು ಮತ್ತೆ."